ರೇಡಿಯೋ ಇಲ್ಲದ ಕಾರಿನಲ್ಲಿ ಗುರುಸಿದ್ದಪ್ಪನವರು

ಗುರುಸಿದ್ದಪ್ಪನವರಿಗೆ ಲಕ್ವ ಹೊಡೆದು ಮಾತು ನಿಂತಾಗ ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಜನಕ್ಕೆ ಅದು ಗೊತ್ತೇ ಆಗಲಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಮೊದಲು ಮಾತಾಡುತ್ತಿದ್ದರೆ ತಾನೇ ನಿಂತದ್ದು ಗೊತ್ತಾಗುವುದು? ಲಿಫ್ಟಿನಲ್ಲಿ ಸಿಕ್ಕರೆ ತಲೆ ಆಡಿಸುವರು. ನೀರಿನ ಟ್ಯಾಂಕರ್ ಬಂತೇ ಎಂದರೆ ಗೇಟಿನ ಕಡೆ ಕೈ ತೋರಿಸುವರು. ಸಂಘದ ಮೀಟಿಂಗಿನಲ್ಲಿ ಎಲ್ಲರೂ ಕಿತ್ತಾಡಿ ಸುಸ್ತಾದ ಮೇಲೆ “ಆತು” ಎಂದು ಎದ್ದು ಹೋಗುವರು. ಅಷ್ಟೇ ಅವರ ವ್ಯವಹಾರ.

ಊರು ಗದಗಿನ ಕಡೆ. ಹರೆಯದಲ್ಲಿ ಹೈದರಾಬಾದಿಗೆ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ನಿಂತವರು, ಫೋರ್‌ಮನ್ ಆಗಿ ನಿವೃತ್ತರಾದರು. ಅಲ್ಲಿ ಏನು ತಯಾರಿಸುತ್ತಿದ್ದಿರಿ ಎಂದು ನಾನು ಎಷ್ಟು ಸಲ ಕೇಳಿದರೂ “ಕಬ್ಬಿಣದ ಕೆಲಸ” ಎನ್ನುವುದು ಬಿಟ್ಟು ಇನ್ನೊಂದು ಅಕ್ಷರ ಹೊರಬೀಳಲಿಲ್ಲ. ಸರಕಾರದ ಗುಟ್ಟು ಕಾಯುವುದಕ್ಕೆ ಇಂಥ ಮನುಷ್ಯ ಸಿಕ್ಕಿದ್ದು ಸರಕಾರದ ಪುಣ್ಯ.

ಸೋಮವಾರ ಸಂಜೆ ಮಾತ್ರ ಅವರು ಬೇರೆಯೇ ಮನುಷ್ಯ. ಕೂಕಟ್‌ಪಲ್ಲಿಯಲ್ಲಿ ನಮ್ಮ ಕಡೆಯ ಮನೆಗಳು ಬೇಕಾದಷ್ಟಿವೆ. ಕೊಪ್ಪಳ, ಬೀದರ, ಗದಗ, ರಾಯಚೂರಿನವರೆಲ್ಲ ಸೋಮವಾರ ಅವರ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಭಜನೆಗೆ ಕೂಡುತ್ತಿದ್ದೆವು. ಗುರುಸಿದ್ದಪ್ಪನವರು ಹಿತ್ತಾಳೆಯ ತಾಳ ಹಿಡಿದು ಬಾಯಿ ತೆರೆದರೆ ಕೆಳಗಿನ ಮನೆಯ ತೆಲುಗಿನವರು ಟಿವಿ ಬಂದ್ ಮಾಡಿ ಕಿಟಕಿ ತೆಗೆಯುತ್ತಿದ್ದರು. ವಾರವಿಡೀ ಕೂಡಿಟ್ಟ ದನಿಯನ್ನೆಲ್ಲ ಒಂದೇ ಸಂಜೆ ಖರ್ಚು ಮಾಡುತ್ತಾರೇನೋ ಅನ್ನಿಸುತ್ತಿತ್ತು. ಆ ಭಜನೆಗಳನ್ನು ಅವರೇ ಟೇಪ್ ರೆಕಾರ್ಡರಿನಲ್ಲಿ ಹಿಡಿದು, ಕ್ಯಾಸೆಟ್ಟುಗಳನ್ನು ಟ್ರಂಕಿನಲ್ಲಿ ತುಂಬಿಟ್ಟಿದ್ದರು.

ಅವರ ಹೆಂಡತಿ ಸುಭದ್ರಕ್ಕ ಇಬ್ಬರ ಪಾಲಿನ ಮಾತನ್ನೂ ತಾನೊಬ್ಬಳೇ ಆಡುವಾಕೆ. ಹಾಲಿನವನ ಹತ್ತಿರ ತೆಲುಗಿನಲ್ಲಿ, ತರಕಾರಿಯವಳ ಹತ್ತಿರ ಹಿಂದಿಯಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಬೆಳಗಿನಿಂದ ಸಂಜೆತನಕ. ಒಬ್ಬಳೇ ಮಗಳು ರಶ್ಮಿಯನ್ನು ಸೊಲ್ಲಾಪುರಕ್ಕೆ ಕೊಟ್ಟ ಮೇಲೆ ಕೇಳುವ ಕಿವಿ ಎದುರು ಬಾಗಿಲಿನ ನಾನೇ. ನಾನು ಗುಣವತಿ, ರಾಯಚೂರಿನವಳು, ಬ್ಯಾಂಕಿನ ನೌಕರಿ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಕೊಡಲು ಒಂದೊಂದು ವರ್ಷ ಒಂದೊಂದು ಉತ್ತರ ಇಟ್ಟುಕೊಂಡಿದ್ದೇನೆ, ಇಲ್ಲಿ ಅದರ ಮಾತು ಬೇಡ.

ನನ್ನ ಮಾರುತಿ ಕಾರಿನ ಮಾತು ಮಾತ್ರ ಬೇಕು. ನಡುವಯಸ್ಸು ದಾಟಿದ ಮೇಲೆ ಹಟಕ್ಕೆ ಬಿದ್ದು ಕಲಿತ ಡ್ರೈವಿಂಗು ಅದು. ಯಾರೋ ಓಡಿಸಿ ಬಿಟ್ಟ ಕಾರು. ರೇಡಿಯೋ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಮೆಕ್ಯಾನಿಕ್ಕು ಹಾಕಿಸಿಕೊಳ್ಳಿ ಎಂದು ದುಂಬಾಲು ಬಿದ್ದರೂ ನಾನು ಹಾಕಿಸಿರಲಿಲ್ಲ. ಹೈದರಾಬಾದಿನ ರಸ್ತೆಯಲ್ಲಿ ಕಾರು ಬಿಡುವ ಹೆಂಗಸಿಗೆ ಎರಡೂ ಕಿವಿ ಹಾರ್ನಿಗೆ ಬೇಕು, ಬಾಯಿ ಬೈಯುವುದಕ್ಕೆ ಬೇಕು. ಹಾಡಿಗೆ ಎಲ್ಲಿದೆ ಜಾಗ? ಅದರಲ್ಲೂ ಅದು ಹೈಟೆಕ್ ಸಿಟಿಯ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಮೆಟ್ರೋ ಇನ್ನೂ ಕನಸಿನಲ್ಲೂ ಇರಲಿಲ್ಲ. ರಸ್ತೆ ಅಗೆಯುವವರು ಅಗೆಯುತ್ತಿದ್ದರು, ಅದರ ನಡುವೆ ಕಂಪನಿಯ ಕ್ಯಾಬುಗಳು ಹೆರಿಗೆ ಆಸ್ಪತ್ರೆಗೆ ಹೊರಟ ಹಾಗೆ ನುಗ್ಗುತ್ತಿದ್ದವು.

ಆ ರಸ್ತೆಯಲ್ಲೇ ನಾನು ಪ್ರತಿ ಶನಿವಾರ ಇವರಿಬ್ಬರನ್ನು ಕೂರಿಸಿಕೊಂಡು ಗಚ್ಚಿಬೌಲಿಗೆ ಹೋಗಬೇಕಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಗುರುಸಿದ್ದಪ್ಪನವರು ಕೋಲು ಹಿಡಿದು ನಡೆಯುವಷ್ಟಾಗಿದ್ದರು. ಬಲಗೈ ಇನ್ನೂ ಮಾತು ಕೇಳುತ್ತಿರಲಿಲ್ಲ. “ಚಾ”, “ಬ್ಯಾಡ”, “ಹೂಂ” ಇಷ್ಟು ಬರುತ್ತಿತ್ತು. ಮಾತು ಕಲಿಸುವ ಒಂದು ಸಣ್ಣ ಚಿಕಿತ್ಸಾಲಯ ಗಚ್ಚಿಬೌಲಿಯಲ್ಲಿದೆ ಎಂದು ಡಾಕ್ಟರು ಬರೆದುಕೊಟ್ಟರು. ಬಸ್ಸು ಹತ್ತುವ ಹಾಗಿಲ್ಲ, ಆಟೋದವರು ಆ ಕಡೆ ಬರಲು ಒಪ್ಪುವುದಿಲ್ಲ. ಶನಿವಾರ ಬ್ಯಾಂಕು ಅರ್ಧ ದಿನ. ಉಳಿದದ್ದು ನಾನು.

ಕಲಿಸುವಾಕೆ ಸುಹಾಸಿನಿ ಎಂಬ ತೆಲುಗು ಹುಡುಗಿ. ಭಾಳ ಶಾಂತ ಸ್ವಭಾವ, ನನ್ನಂಥವಳಿಗೆ ಆಶ್ಚರ್ಯವಾಗುವಷ್ಟು. ಮೊದಲ ದಿನವೇ ಹೇಳಿದಳು, ಇಂಥವರಿಗೆ ತಾಯಿನುಡಿ ಮೊದಲು ಬರುತ್ತದೆ, ನಿಮ್ಮ ಕನ್ನಡವೇ ಆಗಲಿ, ನೀವು ಪಕ್ಕದಲ್ಲಿ ಕೂತು ತಿಳಿಸಿ ಎಂದು. ಸುಭದ್ರಕ್ಕ ತಂದಿದ್ದ ರಶ್ಮಿಯ ಫೋಟೋ ತೋರಿಸಿದಳು. ಗುರುಸಿದ್ದಪ್ಪನವರು ಸ್ವಲ್ಪ ಹೊತ್ತು ತುಟಿ ಅಲುಗಿಸಿ, “ರಶ್ಮಿ” ಎಂದರು. ನನ್ನ ಕಡೆ ಬೆರಳು ಮಾಡಿದಳು. “ಗುಣಾ” ಎಂದರು. ಆಮೇಲೆ ಸುಭದ್ರಕ್ಕನ ಕಡೆ ತೋರಿಸಿ, ಈಕೆಯ ಹೆಸರೇನು ಎಂದು ಕೇಳಿದಳು.

ಗುರುಸಿದ್ದಪ್ಪನವರು ಹೆಂಡತಿಯ ಮುಖ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಕಣ್ಣು ಕಿಟಕಿಯ ಕಡೆ ಹೋಯಿತು. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಸುಹಾಸಿನಿ ಮಾತನ್ನು ತೂಗಿ ತೂಗಿ ಹೇಳಿದಳು. ಕೆಲವೊಮ್ಮೆ ಹತ್ತಿರದ ಹೆಸರುಗಳೇ ಹೋಗಿಬಿಡುತ್ತವಂತೆ. ಹೆಸರು ಮಾತ್ರ ಹೋಗಿದೆಯೋ, ಗುರುತೂ ಹೋಗಿದೆಯೋ ಈಗಲೇ ಹೇಳಲಾಗದಂತೆ. ಅಷ್ಟನ್ನು ಕನ್ನಡಕ್ಕೆ ತರುವ ಗೋಜು ಬೇಕಿರಲಿಲ್ಲ, ಸುಭದ್ರಕ್ಕನ ತೆಲುಗು ನನ್ನದಕ್ಕಿಂತ ಚಲೋ ಇತ್ತು.

ಅವತ್ತು ಅವರನ್ನು ಮನೆಗೆ ಹತ್ತಿಸಿ ನಾನು ನನ್ನ ಬಾಗಿಲಿನ ಕೀಲಿ ಹುಡುಕುತ್ತಿದ್ದೆ. ಅಕ್ಕ ಹಿಂದೆ ಬಂದು ನಿಂತಳು.

“ನನ್ನ ಮರತಾರೇನು ಗುಣಾ?”

ಇಲ್ಲ ಬಿಡ್ರಿ ಅಕ್ಕಾ, ಹಂಗ್ಯಾಕ ಅಂತೀರಿ ಎಂದು ನಾನು ಜೋರು ಮಾಡಿದೆ. ಜೋರು ಮಾಡುವುದು ಬಿಟ್ಟು ನನಗೆ ಬೇರೆ ಏನೂ ಹೊಳೆಯಲಿಲ್ಲ. ದಿನವಿಡೀ ವಟವಟ ಅನ್ನುವ ಹೆಂಗಸು ಅದೊಂದನ್ನೇ ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುಹಾಸಿನಿ ಕಾರಿನ ದಾರಿಗೆಂದು ಎರಡು ಕೆಲಸ ಕೊಟ್ಟಿದ್ದಳು. ಒಂದು, ಅವರ ಭಜನೆಗಳನ್ನು ಕೇಳಿಸುವುದು. ಮಾತು ಬಾರದವರಿಗೂ ಹಾಡು ಬರುವುದುಂಟು, ಗಂಟಲು ಸಡಿಲವಾಗುತ್ತದೆ ಎಂದಿದ್ದಳು. ಇನ್ನೊಂದು, ಸುಭದ್ರಕ್ಕ ಗಂಡನ ಪಕ್ಕ ಕೂತು, ನೀವು ಇಂಥವರು, ನಾನು ಇಂಥವಳು ಎಂದು ಇಬ್ಬರ ಹೆಸರನ್ನೂ ಮತ್ತೆ ಮತ್ತೆ ಹೇಳಿ ಅವರಿಂದ ಹೇಳಿಸುವುದು. ಮನೆಯಲ್ಲೂ ಮಾಡಬೇಕು. ಅಕ್ಕ ಎರಡಕ್ಕೂ ತಲೆ ಆಡಿಸಿದಳು. ಮೊದಲನೆಯದನ್ನು ಮಾತ್ರ ಎಷ್ಟು ಉಮೇದಿನಿಂದ ಹಿಡಿದಳೆಂದರೆ ನನ್ನ ಕಾರಿಗೆ ನೆಮ್ಮದಿ ಇಲ್ಲದ ಹಾಗಾಯಿತು.

ಮೊದಲು ಬಂದದ್ದು ಮನೆಯ ದೊಡ್ಡ ಟೇಪ್ ರೆಕಾರ್ಡರು. ಹಿಂದಿನ ಸೀಟಿನಲ್ಲಿ ಅಕ್ಕ ಅದನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಳು. ದಪ್ಪ ಬ್ಯಾಟರಿಗಳನ್ನು ತಿಂದು ತೇಗುವ ಯಂತ್ರ. ರಸ್ತೆಯ ಪ್ರತಿ ಗುಂಡಿಗೂ ಭಜನೆ ಒಂದು ಸಲ ಮುಗ್ಗರಿಸುತ್ತಿತ್ತು. ಮಾದಾಪುರದ ಹತ್ತಿರ ಟೇಪು ಬಿಚ್ಚಿಕೊಂಡು ಒಳಗೆಲ್ಲ ಸುತ್ತಿತು. ಅಕ್ಕ ಅದನ್ನು ಎಳೆದು ಎಳೆದು ಸೀಟಿನ ತುಂಬ ಶ್ಯಾವಿಗೆ ಹರಡಿದ ಹಾಗೆ ಹರಡಿಕೊಂಡಳು. ಪೆನ್ಸಿಲ್ ಸಿಕ್ಕಿಸಿ ತಿರುಗಿಸಿ ಸುತ್ತುವಷ್ಟರಲ್ಲಿ ಗಚ್ಚಿಬೌಲಿ ಬಂದಿತ್ತು.

ಆಮೇಲೆ ವಾಕ್‌ಮನ್. ಅದನ್ನು ಗುರುಸಿದ್ದಪ್ಪನವರ ಕಿವಿಗೆ ಹಾಕಿದರೆ ಒಂದು ಹಾಡು ಮುಗಿಯುವ ತನಕ ತಾಳಿಕೊಂಡರು. ಮುಂದೆ ಅದನ್ನು ಕಿತ್ತು ತಂತಿಯನ್ನು ನನ್ನ ಗೇರಿನ ಮೇಲೆ ನೇತುಹಾಕಿದರು. “ಬ್ಯಾಡ.” ಸಿಟ್ಟು ಬಂದಿತ್ತು. ಅವರ ಸಿಟ್ಟು ನನಗೆ ಸರಿ ಅನ್ನಿಸಿತು. ನಾಲ್ಕು ಜನ ಸೇರಿ ಹಾಡಿದ ಭಜನೆಯನ್ನು ಒಬ್ಬನೇ ಗುಟ್ಟಾಗಿ ಕೇಳುವುದೆಂದರೆ ಏನು ಚಂದ?

ಮೂರನೆಯದನ್ನು ಕೊಟ್ಟವನು ನಮ್ಮ ಮೇಲಿನ ಮಹಡಿಯ ಕೌಶಲ್. ಮೈಸೂರಿನ ಹುಡುಗ, ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಕ್ಯಾಸೆಟ್ಟುಗಳನ್ನೆಲ್ಲ ಒಯ್ದು ಎರಡು ರವಿವಾರ ಕೂತು, ಬೆಂಕಿಪೊಟ್ಟಣದಷ್ಟು ಒಂದು ಪ್ಲೇಯರಿನಲ್ಲಿ ತುಂಬಿಸಿ ತಂದ. ಜೊತೆಗೆ ಇನ್ನೊಂದು ಪುಟ್ಟ ಡಬ್ಬಿ. ಅದನ್ನು ಪ್ಲೇಯರಿಗೆ ಸಿಕ್ಕಿಸಿದರೆ ಹಾಡು ಎಫ್‌ಎಂ ಆಗಿ ಗಾಳಿಯಲ್ಲಿ ಹೋಗುತ್ತದೆ, ನಿಮ್ಮ ಕಾರ್ ರೇಡಿಯೋದಲ್ಲಿ ಹಿಡಿದುಕೊಳ್ಳಿ, ತಂತಿ ಗಿಂತಿ ಏನೂ ಬೇಡ ಎಂದು ಉತ್ಸಾಹದಿಂದ ವಿವರಿಸಿದ. ನನ್ನ ಕಾರಿನಲ್ಲಿ ರೇಡಿಯೋನೇ ಇಲ್ಲವಲ್ಲಪ್ಪ ಎಂದೆ. ಮನೆಯಲ್ಲಿ ಒಲೆಯೇ ಇಲ್ಲ ಎಂದು ಹೇಳಿದೆನೇನೋ ಎಂಬಂತೆ ನನ್ನ ಮುಖ ನೋಡಿದ.

ದಾರಿ ಹುಡುಕಿದ್ದು ಗುರುಸಿದ್ದಪ್ಪನವರು. ಎದ್ದು ಕೋಲೂರಿಕೊಂಡು ಒಳಗೆ ಹೋಗಿ, ಬೆಳಿಗ್ಗೆ ವಾರ್ತೆ ಕೇಳುವ ತಮ್ಮ ಕೈ ರೇಡಿಯೋವನ್ನು ಕಂಕುಳಲ್ಲಿ ಒತ್ತಿಕೊಂಡು ತಂದು ನನ್ನ ಮುಂದೆ ಇಟ್ಟರು. ಶನಿವಾರ ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಟವೆಲ್ಲು ಮಡಚಿ ಕೂರಿಸಿದೆವು. ಹಿಂದಿನ ಸೀಟಿನಲ್ಲಿ ಅಕ್ಕ ಪ್ಲೇಯರು ಹಿಡಿದು ಆಕಾಶವಾಣಿ ಕೇಂದ್ರ, ಮುಂದಿನ ಸೀಟಿನಲ್ಲಿ ಅವರು ಶ್ರೋತೃ. ಕೇಂದ್ರಕ್ಕೂ ಶ್ರೋತೃವಿಗೂ ನಡುವೆ ಒಂದು ಮೊಳ. ಹಾಡು ಬಂತು. ಬಂದದ್ದು ಅವರದೇ ದನಿ, ಲಕ್ವ ಹೊಡೆಯುವುದಕ್ಕಿಂತ ಮೊದಲಿನದು. ಗುರುಸಿದ್ದಪ್ಪನವರು ಎಡಗೈಯಿಂದ ಮೊಣಕಾಲಿನ ಮೇಲೆ ತಾಳ ಹಾಕಿದರು, ಸಣ್ಣಗೆ ಗುನುಗಿದರು. ಒಂದು ಪಲ್ಲವಿಯ ಕೊನೆಗೆ ಎರಡು ಶಬ್ದ ಸ್ಪಷ್ಟವಾಗಿ ಬಾಯಿಂದ ಬಿದ್ದವು. ನನಗೆ ಕಣ್ಣು ಮಂಜಾಗಿ, ಮುಂದಿನ ಬೈಕಿನವನು ಸ್ವಲ್ಪದರಲ್ಲಿ ಉಳಿದುಕೊಂಡ.

ಇದರ ಚೇಷ್ಟೆಗಳು ಬೇರೆ. ಆ ವರ್ಷ ಊರಲ್ಲಿ ಹೊಸ ಹೊಸ ಎಫ್‌ಎಂ ಸ್ಟೇಷನ್ನುಗಳು ಶುರುವಾಗಿದ್ದವು. ಸೈಬರ್ ಟವರ್ಸ್ ದಾಟುವಾಗ ಭಜನೆಯ ನಡುವೆ ಯಾವಳೋ ಹುಡುಗಿ ನಕ್ಕು ಸೀರೆ ಅಂಗಡಿಯ ಜಾಹೀರಾತು ಹೇಳಿ ಹೋಗುತ್ತಿದ್ದಳು. ಒಮ್ಮೆ ಟ್ರಾಫಿಕ್ಕಿನಲ್ಲಿ ನಿಂತಾಗ ಪಕ್ಕದ ಕ್ಯಾಬಿನ ಡ್ರೈವರು ತನ್ನ ರೇಡಿಯೋವನ್ನು ಗುದ್ದುವುದು ಕಂಡಿತು. ಅವನ ಸಿನಿಮಾ ಹಾಡಿನೊಳಗೆ ನಮ್ಮ ಭಜನೆ ನುಗ್ಗಿತ್ತು. ಗುದ್ದಿ ಗುದ್ದಿ ಸೋತು ಕೊನೆಗೆ ಅವನೂ ಸ್ಟಿಯರಿಂಗಿನ ಮೇಲೆ ತಾಳ ಹಾಕತೊಡಗಿದ. ಗುರುಸಿದ್ದಪ್ಪನವರು ಅವನನ್ನು ನೋಡಿ ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ನಾನು ಕಂಡದ್ದು ಅದೇ ಮೊದಲು.

ಹಾಡು ಹೀಗೆ ಚಿಗುರುತ್ತಿದ್ದರೂ ಹೆಸರಿನ ಪಾಠ ಮಾತ್ರ ಕೆಸರಿನಲ್ಲಿ ಹೂತ ಗಾಲಿಯ ಹಾಗೆ ಇದ್ದಲ್ಲೇ ಇತ್ತು. ಮಾಡುತ್ತಿದ್ದೀರಾ ಎಂದು ಸುಹಾಸಿನಿ ಕೇಳುವಳು, ಹೂಂ ಎಂದು ಅಕ್ಕ ಹೇಳುವಳು. ಕೊನೆಗೊಂದು ಶನಿವಾರ ಆ ಹುಡುಗಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಮುಂದಿನ ವಾರ ಇನ್ನೊಮ್ಮೆ ಕೇಳುತ್ತೇನೆ, ಆಗದಿದ್ದರೆ ಹೆಸರಿನ ಹಿಂದೆ ಬೀಳುವುದು ಬಿಡೋಣ, ಚಿತ್ರದ ಕಾರ್ಡುಗಳನ್ನು ಮಾಡೋಣ. ನೀರು ಬೇಕಾದರೆ ಲೋಟದ ಚಿತ್ರ, ಊಟಕ್ಕೆ ತಟ್ಟೆಯ ಚಿತ್ರ. ನಿಮ್ಮ ಒಂದು ಫೋಟೋ ತನ್ನಿ ಆಂಟೀ, ನೀವು ಬೇಕಾದಾಗ ಅವರು ಅದನ್ನು ಮುಟ್ಟಿ ತೋರಿಸಲಿ. ಅಕ್ಕ ಆಗಲಿ ಎಂದಳು. ದಾರಿಯುದ್ದಕ್ಕೂ ಪ್ಲೇಯರಿನ ದನಿ ಜೋರಾಗಿಯೇ ಇತ್ತು.

ಮುಂದಿನ ಶನಿವಾರ ಅಕ್ಕನ ಪರ್ಸಿನಲ್ಲಿ ಫೋಟೋ ಇತ್ತು. ಕೊತ್ತಗುಡ ಜಂಕ್ಷನ್ನಿನಲ್ಲಿ ಮುಂದೆ ಯಾವುದೋ ಲಾರಿ ಕೆಟ್ಟು ಎಲ್ಲ ಗಾಡಿಗಳೂ ನಿಂತುಬಿಟ್ಟವು. ನಾನು ಎಂಜಿನ್ ಬಂದ್ ಮಾಡಿ, ಅಕ್ಕಾ, ಹೆಂಗೂ ನಿಂತೀವಿ, ಒಂದು ಸಲ ಹೆಸರು ಹೇಳಸ್ರಿ ಎಂದೆ. ಈ ಹಾಡು ಮುಗೀಲಿ ಎಂದಳು. ಮುಗಿಯಿತು. ಇದೊಂದು ಭಾಳ ಚಲೋ ಐತಿ ಎಂದು ಇನ್ನೊಂದು ಹಚ್ಚಿದಳು. ಅದೂ ಮುಗಿದು ಮೂರನೆಯದಕ್ಕೆ ಬಟನ್ ಒತ್ತುವಾಗ ನನ್ನ ತಲೆ ಕೆಟ್ಟಿತು. ಕೈ ಚಾಚಿ ಡ್ಯಾಶ್‌ಬೋರ್ಡಿನ ರೇಡಿಯೋ ಬಂದ್ ಮಾಡಿದೆ. ಕನ್ನಡಿಯಲ್ಲಿ ಅಕ್ಕನ ಮುಖ ಕಂಡಿತು. ಕಳ್ಳತನದಲ್ಲಿ ಸಿಕ್ಕವಳ ಮುಖ.

ನೀವು ಮನ್ಯಾಗೂ ಹೇಳಸಿಲ್ಲ, ಹೌದಲ್ಲ ಎಂದು ಕೇಳಿದೆ. ಪ್ಲೇಯರನ್ನು ಸೆರಗಿನಿಂದ ಒರೆಸತೊಡಗಿದಳು. ನಾನು ಬಿಡುವವಳೇ? ಅಷ್ಟು ದೂರದಿಂದ ಪೆಟ್ರೋಲು ಸುಟ್ಟುಕೊಂಡು ಬರುವುದು ಯಾತಕ್ಕೆ, ಆ ಹುಡುಗಿ ಬಾಯಿ ನೋಯಿಸಿಕೊಳ್ಳುವುದು ಯಾತಕ್ಕೆ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಹಲ್ಲು ಉದುರುತ್ತವೇನು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ.

“ಹೇಳೇ ಇಲ್ಲ ಗುಣಾ,” ಎಂದಳು ಅಕ್ಕ. “ಮದುವಿ ಆದಾಗಿಂದ ಅವರ ಹೆಸರು ನಾ ತಗೊಂಡಿಲ್ಲ, ನನ್ನ ಹೆಸರು ಅವರು ತಗೊಂಡಿಲ್ಲ. ಆ ಹುಡುಗಿಗೆ ಹ್ಯಾಂಗ ಹೇಳಲಿ? ನಗತಾಳ.”

ನನ್ನ ಸಿಟ್ಟು ಅಲ್ಲಿಗೇ ನಿಂತಿತು. ನಮ್ಮ ಅವ್ವನೂ ಹಾಗೇ ಇದ್ದಳು. ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಕೇಳಿದರೆ ನನ್ನನ್ನು ಮುಂದೆ ದೂಡುತ್ತಿದ್ದಳು. ಗಂಡನೇ ಇಲ್ಲದ ನನಗೆ ಆ ಸಂಕೋಚದ ನೆನಪು ಹೇಗೆ ಉಳಿಯಬೇಕು? ಸುಹಾಸಿನಿಗೆ ಇದನ್ನು ಒಂದು ಮಾತು ಮೊದಲೇ ಹೇಳಿದ್ದರೆ ಅವಳು ಪರೀಕ್ಷೆಯನ್ನೇ ಬೇರೆ ಥರ ಮಾಡುತ್ತಿದ್ದಳಲ್ಲ ಅಕ್ಕಾ, ಅಣ್ಣಾರು ರೂಢಿಯಿಂದ ಹೇಳಲಿಲ್ಲ ಅಷ್ಟೇ ಎಂದು ಸಮಾಧಾನ ಮಾಡಹೋದೆ.

“ಅಷ್ಟೇ ಅಂತ ಹ್ಯಾಂಗ ಹೇಳತಿ?” ಅಕ್ಕ ನನ್ನ ಮಾತು ಕಡಿದಳು. “ಮೊದಲೂ ಹೇಳತಿರಲಿಲ್ಲ, ಈಗೂ ಹೇಳವಲ್ಲರು. ಎರಡರಾಗ ಫರಕ ಹ್ಯಾಂಗ ಹುಡುಕಲಿ ನಾನು? ಹುಡುಕಿದ ಮ್ಯಾಲೆ ಇಲ್ಲ ಅಂತ ಗೊತ್ತಾದರ? ಅದಕಿಂತ ಹಾಡೇ ಇರಲಿ ಅಂತ ಹಚ್ಚತಿದ್ದೆ.”

ಮುಂದಿನ ಸೀಟಿನಲ್ಲಿ ಗುರುಸಿದ್ದಪ್ಪನವರು ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಅದರ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. ನಮ್ಮ ಮಾತು ಅವರಿಗೆ ಎಷ್ಟು ತಿಳಿಯಿತೋ ದೇವರಿಗೇ ಗೊತ್ತು. ಹಿಂದಿನ ಗಾಡಿಗಳು ಸುಮ್ಮಸುಮ್ಮನೆ ಹಾರ್ನು ಹೊಡೆಯುತ್ತಿದ್ದವು. ನನಗೆ ಇದ್ದಕ್ಕಿದ್ದಂತೆ ನಮ್ಮ ಕಡೆಯ ಮದುವೆಗಳು ನೆನಪಾದವು. ಗಂಡನ ಹೆಸರನ್ನು ಹಾಗೆಯೇ ಹೇಳಲು ಬಾಯಿ ಬಾರದಿದ್ದರೇನಾಯಿತು, ಒಡಪಿನಲ್ಲಿ ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲವಲ್ಲ. ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಹೆಸರು ಸೇರಿಸಿಬಿಟ್ಟರೆ ಸೈ. ಹೆಂಗಸರೆಲ್ಲ ಸುತ್ತುಗಟ್ಟಿ ಮದುಮಗಳಿಂದ ಹೇಳಿಸುತ್ತಾರೆ, ಆಮೇಲೆ ಮದುಮಗನ ಪಾಳಿ.

ಅಕ್ಕಾ, ಒಡಪ ಹೇಳ್ರಿ ಎಂದೆ. ಈ ವಯಸ್ಸಿನಾಗ, ನಡುರಸ್ತೆಯಾಗ ಎಂದು ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. ಹೇಳುವ ತನಕ ಲಾರಿ ಸರಿದರೂ ನಾನು ಕಾರು ಬಿಡುವವಳಲ್ಲ ಎಂದೆ. ನನ್ನ ಮಾತು ಸುಳ್ಳಲ್ಲ ಎಂದು ಆಕೆಗೆ ಗೊತ್ತಿತ್ತು. ಕಿಟಕಿಯ ಗಾಜು ಏರಿಸಿಕೊಂಡಳು, ಮುಂದಕ್ಕೆ ಬಾಗಿದಳು, ಗಂಡನ ಭುಜದ ಹತ್ತಿರ ಮುಖ ತಂದು ಹೊಸ ಸೊಸೆಯ ದನಿಯಲ್ಲಿ ಹೇಳಿದಳು:

“ಎತ್ತಿನ ಕೊರಳಿಗಿ ಗೆಜ್ಜಿ ಚಂದ, ಹೊತ್ತಿಗಿ ಬಂದ ಮಳಿ ಚಂದ,
ಹಂದರ ತುಂಬಿದ ಮಂದ್ಯಾಗ ಗುರುಸಿದ್ದಪ್ಪನವರು ಚಂದ.”

ರೇಡಿಯೋ ತಿರುಗಿಸುತ್ತಿದ್ದ ಕೈ ನಿಂತಿತು. ನಾನು ಮದುವೆಮನೆಯ ಹೆಂಗಸರ ಹಾಗೆ ಚಪ್ಪಾಳೆ ತಟ್ಟಿ, ಇನ್ನ ನಿಮ್ಮ ಪಾಳಿ ಅಣ್ಣಾರ ಎಂದೆ. ಗುರುಸಿದ್ದಪ್ಪನವರ ತುಟಿ ಅಲುಗಿತು. ಏನೂ ಬರಲಿಲ್ಲ. ಮತ್ತೆ ಅಲುಗಿತು. “ಕರೀ… ಹೊಲದಾಗ…” ಎಂದರು. ಅಕ್ಕ ನನ್ನ ಸೀಟನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು. “ಬಿಳೀ ಜ್ವಾಳಾ…” ಎಂದರು. ಅವರ ಮದುವೆಯ ಒಡಪು ಅದೇ ಎಂದು ಅಕ್ಕನ ಕಣ್ಣು ನೋಡಿದರೆ ತಿಳಿಯುತ್ತಿತ್ತು. “ಕೈಯಾಗ ನಂದು… ತಾಳಾ… ತಾಳ ತಪ್ಪಿದರ… ತಿದ್ದಾಕಿ…”

ಅಲ್ಲಿಗೆ ನಿಂತಿತು. ಇನ್ನುಳಿದದ್ದು ಒಂದೇ ಶಬ್ದ, ಆಕೆಯ ಹೆಸರು. ತಿದ್ದಾಕಿ, ತಿದ್ದಾಕಿ ಎಂದು ಅವರು ಅದೇ ಮೆಟ್ಟಿಲಿಗೆ ಎಡವುತ್ತಲೇ ಇದ್ದರು. ಮುಂದೆ ಲಾರಿ ಸರಿಯಿತು, ಹಿಂದಿನವರೆಲ್ಲ ಒಮ್ಮೆಗೇ ಹಾರ್ನು ಒತ್ತಿದರು, ಪೊಲೀಸಿನವನು ನನ್ನ ಬಾನೆಟ್ಟು ತಟ್ಟಿದ. ಕಾರು ಬಿಡಬೇಕಾಯಿತು. ಗುರುಸಿದ್ದಪ್ಪನವರು ಬಾಯಿ ಮುಚ್ಚಿಕೊಂಡರು. ನನಗೆ ನನ್ನ ಮೇಲೇ ಕೋಪ ಬಂತು. ಎಲ್ಲ ಸಾಲೂ ಬಂದು ಹೆಸರೊಂದೇ ಬಾರದಿದ್ದರೆ, ಈಕೆ ಇಷ್ಟು ದಿನ ಹೆದರಿದ್ದೇ ಖರೆ ಆಯಿತಲ್ಲ ಅನ್ನಿಸಿತು.

ಚಿಕಿತ್ಸಾಲಯದಲ್ಲಿ ಅಕ್ಕ ಪರ್ಸು ತೆಗೆದು ಫೋಟೋವನ್ನು ಮೇಜಿನ ಮೇಲಿಟ್ಟಳು. ಸುಹಾಸಿನಿ ಅದನ್ನು ಮುಟ್ಟದೆ, ಇನ್ನೊಮ್ಮೆ ಕೇಳಿದಳು, ಈಕೆಯ ಹೆಸರೇನು? ಗುರುಸಿದ್ದಪ್ಪನವರು ಕಿಟಕಿ ನೋಡಿದರು. ಆಗ ನಾನು ತಡೆಯಲಾರದೆ ತೆಲುಗಿನಲ್ಲಿ ಎಲ್ಲವನ್ನೂ ಒದರಿಬಿಟ್ಟೆ. ಇಬ್ಬರೂ ಹೆಸರು ಹೇಳದ್ದು, ಅಕ್ಕ ಹಾಡಿನ ಹಿಂದೆ ಅಡಗಿದ್ದು, ಒಡಪು, ಲಾರಿ, ಕೊನೆಗೆ ಉಳಿದ ಒಂದು ಶಬ್ದ. ಅಕ್ಕ ನಾಚಿಕೆಯಿಂದ ನೆಲ ನೋಡುತ್ತಿದ್ದಳು.

ಸುಹಾಸಿನಿ ನಗಲಿಲ್ಲ. ಎಷ್ಟು ಸಾಲು ಹೇಳಿದರು ಎಂದು ಎರಡೆರಡು ಸಲ ಕೇಳಿದಳು. ಅವಳ ಮುಖ ಅರಳಿತು. ಅಷ್ಟು ಬಂದವರಿಗೆ ಇದು ಬಾರದೆ ಎಲ್ಲಿ ಹೋಗುತ್ತದೆ ಆಂಟೀ ಎಂದಳು. ನಮ್ಮ ಮನೆಯಲ್ಲೂ ಇದಿದೆ, ಹೊಸ ಜೋಡಿ ಹೊಸ್ತಿಲು ದಾಟುವಾಗ ನಾವು ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಲ್ಲುತ್ತೇವೆ, ಒಬ್ಬರ ಹೆಸರನ್ನು ಒಬ್ಬರು ಹೇಳುವ ತನಕ ಬಿಡುವುದಿಲ್ಲ ಎಂದಳು. ಪಾಠ ಮುಗಿಯಿತು, ಇನ್ನು ನೀವು ಹೋಗಬಹುದು ಎಂದು ಗುರುಸಿದ್ದಪ್ಪನವರ ಕೈಗೆ ಕೋಲು ಕೊಟ್ಟಳು. ಅವರು ಎದ್ದರು. ಅಕ್ಕನೂ ಎದ್ದು ಪಕ್ಕದಲ್ಲಿ ನಿಂತಳು. ಇಬ್ಬರೂ ಬಾಗಿಲ ಹತ್ತಿರ ಬರುವಷ್ಟರಲ್ಲಿ ಆ ಹುಡುಗಿ ಓಡಿ ಮುಂದೆ ಹೋಗಿ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

“ಪೇರು ಚೆಪ್ಪಂಡಿ,” ಹೆಸರು ಹೇಳಿ ಎಂದಳು.

ಗುರುಸಿದ್ದಪ್ಪನವರು ಕೋಲಿನಿಂದ ದಾರಿ ಬಿಡು ಎಂದು ಸನ್ನೆ ಮಾಡಿದರು. ಅವಳು ಅಲುಗಲಿಲ್ಲ. ಎಡಕ್ಕೆ ಸರಿದರು, ಅವಳೂ ಸರಿದಳು. ಅವರ ಹುಬ್ಬು ಗಂಟಿಕ್ಕಿತು. ಬಾಗಿಲನ್ನು ನೋಡಿದರು, ಅಡ್ಡ ಚಾಚಿದ ಕೈ ನೋಡಿದರು, ಏನೋ ಹೊಳೆದವರ ಹಾಗೆ ಹೆಂಡತಿಯ ಕಡೆ ತಿರುಗಿದರು. ಅರವತ್ತು ದಾಟಿದ ಆ ಮುಖದ ಮೇಲೆ ಮದುಮಗನ ನಾಚಿಕೆ ಹರಿದದ್ದನ್ನು ನನ್ನ ಕಣ್ಣಾರೆ ನೋಡಿದೆ.

“ಸು… ಭದ್ರಾ,” ಎಂದರು.

ಮೆತ್ತಗೆ ಬಂತು, ಆದರೆ ಪೂರ್ತಿ ಬಂತು. ಸುಹಾಸಿನಿ ಬಾಗಿಲು ಬಿಡುವುದನ್ನು ಮರೆತು ಅಲ್ಲೇ ನಿಂತಳು. ನನ್ನ ಎದೆ ಎಷ್ಟು ಹಗುರವಾಯಿತೆಂದರೆ ಪಕ್ಕದ ಕುರ್ಚಿಯ ಮೇಲೆ ಕುಸಿದು ಕೂತು ಜೋರಾಗಿ ಅತ್ತೆ. ಅಳಬೇಕಾಗಿದ್ದ ಅಕ್ಕ ಮಾತ್ರ ಅಳಲಿಲ್ಲ. ಜೀವಮಾನದಲ್ಲಿ ಗಂಡ ತನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು, ಕರೆದರೆ ಓಗೊಡಬೇಕಲ್ಲ, ಓಗೊಟ್ಟಳು.

“ಏನ್ರಿ?”

“ಮನಿಗಿ ಹೋಗೂಣ ನಡಿ,” ಎಂದರು ಗುರುಸಿದ್ದಪ್ಪನವರು.